ಬೀಡಿಂಗ್ ಉಜ್ಜಲು ಬೆರಳು ಬೇಡ, ಅಚ್ಚು ಹೊಯ್ಯಿರಿ

ಹಲಸಿನ ದಾರಂದದ (ಬಾಗಿಲ ಚೌಕಟ್ಟಿನ) ಸುತ್ತ ಹೊಡೆದ, ಉಬ್ಬುತಗ್ಗಿನ ಅಲಂಕಾರದ ಮರದ ಪಟ್ಟಿಯಾದ ಬೀಡಿಂಗ್‌ಗೆ ಪಾಲಿಶ್ ಹಚ್ಚುವ ಮೊದಲು ಉಪ್ಪುಕಾಗದ ಮಡಚಿ ಬೆರಳಲ್ಲೇ ಉಜ್ಜುವುದು ಕಾಸರಗೋಡು ಕಡೆಯಲ್ಲೂ ರೂಢಿ. ಬೆರಳು ಮೆತ್ತಗಿನದು. ತಗ್ಗಿಗೆ ಇಳಿಯುವುದಿಲ್ಲ, ಉಬ್ಬಿನ ನೆತ್ತಿಯನ್ನು ಬಿಡುವುದಿಲ್ಲ. ಆಚಾರಿ ಕೀಸುಳಿಯಲ್ಲಿ ಎಳೆದ ಚೂಪು ಗೆರೆ ಸವೆದ ಸಾಬೂನಿನಂತಾಗುತ್ತದೆ. ಕಾಗದದ ಹಿಂದೆ ಬೀಡಿಂಗ್‌ಗೆ ತದ್ವಿರುದ್ಧ ಆಕಾರದ ಗಟ್ಟಿ ಅಚ್ಚು ಇರಬೇಕು.

ಅದೇ ಬೀಡಿಂಗ್‌ನ 10 ಸೆಂ.ಮೀ. ತುಂಡೊಂದನ್ನು ನುಣುಪು ಮಾಡಿಟ್ಟುಕೊಳ್ಳಿ. ಅದರ ಗೀರೆಲ್ಲ ಅಚ್ಚಿಗೂ ಬರುತ್ತದೆ. ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಕಾಗದಕ್ಕೂ ದಪ್ಪವಿದೆ, ಅದಕ್ಕೆ ಜಾಗ ಬಿಡದಿದ್ದರೆ ಅಚ್ಚು ಉಬ್ಬಿನ ಮೇಲೆ ಕೂರದೆ ಅಂಚನ್ನೇ ಕೆರೆಯುತ್ತದೆ. ತುಂಡಿನ ಮೇಲೆ ಉದ್ದಕ್ಕೆ ವಯರಿಂಗ್ ಟೇಪನ್ನು ಸುಕ್ಕಿಲ್ಲದಂತೆ ಎರಡು ಮೂರು ಪದರ ಅಂಟಿಸಿ, ಮೇಲೆ ಮೇಣ ಸವರಿ. ಒಳಮುಖವಾಗಿ ಕೊರೆದ ಸಂದುಗಳಿದ್ದರೆ ಮೊದಲೇ ಮೇಣ ತುಂಬಿಸಿಬಿಡಿ, ಇಲ್ಲವಾದರೆ ಅಚ್ಚು ಅಲ್ಲೇ ಕಚ್ಚಿಕೊಂಡು ಹೊರಗೆ ಬಾರದು.

ಕಾರಿನ ನೆಗ್ಗು ತುಂಬಿಸುವ ಪಾಲಿಯೆಸ್ಟರ್ ಪುಟ್ಟಿ 100 ಗ್ರಾಂಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಸುಮಾರು 2 ಗ್ರಾಂ ಸಾಕು. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಬಿಸಿಯೇರಿ ಬಿರುಕು ಬಿಡುತ್ತದೆ. ಏಪ್ರಿಲ್ ಸೆಕೆಗೆ ಐದು ನಿಮಿಷದಲ್ಲೇ ಹಿಡಿಯುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಿ. ಟೇಪು ಅಂಟಿಸಿದ ತುಂಡಿನ ಮೇಲೆ ಒಂದು ತುದಿಯಿಂದ ಒತ್ತುತ್ತಾ ತುಂಬಿಸಿದರೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಹಿಡಿಗೆಂದು ಬೇರೊಂದು ಮರದ ತುಂಡಿನ ಅಡಿಗೆ ಮೂರು ಸ್ಕ್ರೂ ಅರ್ಧ ಹೊಡೆದು, ತಲೆಗಳು ಪುಟ್ಟಿಯಲ್ಲಿ ಮುಳುಗುವಂತೆ ಒತ್ತಿ. ಅರ್ಧ ಗಂಟೆ ಬಿಟ್ಟು ಉದ್ದಕ್ಕೆ ಜಾರಿಸಿ ಬಿಡಿಸಿ.

120 ನಂಬರಿನ (ನಂಬರು ಹೆಚ್ಚಿದಷ್ಟೂ ಹರಳು ಸಣ್ಣ) ಉಪ್ಪುಕಾಗದಕ್ಕೂ ಅಚ್ಚಿಗೂ ರಬ್ಬರ್ ಅಂಟು ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಜೋಡಿಸಿ. ಅಚ್ಚಿನ ಅತಿ ಆಳದ ಗೆರೆಯಿಂದ ಶುರು ಮಾಡಿ ಅಂಚಿನತ್ತ ಒತ್ತಿಕೊಂಡು ಬನ್ನಿ. ತಿರುಗಾಮುರುಗಾ ಮಾಡಿದರೆ ಕಾಗದ ತಗ್ಗಿನ ಮೇಲೆ ಸೇತುವೆಯಂತೆ ನಿಂತು ಮೊದಲ ಎಳೆತಕ್ಕೇ ಹರಿಯುತ್ತದೆ. ಆಮೇಲೆ 180, ಕೊನೆಗೆ 240.

ಬರೀ ಅರ್ಧವೃತ್ತದ ತಗ್ಗಿಗಾದರೆ ಇಷ್ಟೆಲ್ಲ ಬೇಡ. 20 ಮಿ.ಮೀ. ವಯರಿಂಗ್ ಪೈಪಿನ 12 ಸೆಂ.ಮೀ. ತುಂಡನ್ನು ಉದ್ದಕ್ಕೆ ಗರಗಸದಲ್ಲಿ ಸೀಳಿ, 8 ಸೆಂ.ಮೀ. ಅಗಲದ ಕಾಗದ ಸುತ್ತಿ, ಎರಡೂ ತುದಿ ಸೀಳಿನೊಳಗೆ ತುರುಕಿ. ಸೀಳು ಮರದ ಕಡೆಗೆ ಬಾರದಿರಲಿ. ಸಣ್ಣ ಗೆರೆಗಳಿಗೆ, ಅಚ್ಚು ತಲುಪದ ಮೂಲೆಗಳಿಗೆ ಅಡಿಕೆ ಮರ ಸೀಳಿದ ದಬ್ಬೆಯ ಚೂರೊಂದನ್ನು ಉಳಿಯಂತೆ ಹೆರೆದು ಕಾಗದ ಅಂಟಿಸಿದರಾಯಿತು. ಪೇಟೆಯಲ್ಲಿ ಸಿಗುವ ಯಾವ ಸಾಧನಕ್ಕಿಂತಲೂ ಇದು ವಾಸಿ.

ಮಳೆಗಾಲದಲ್ಲಿ ಮಾಮೂಲಿ ಉಪ್ಪುಕಾಗದ ತೇವ ಹೀರಿ ಹರಳು ಉದುರಿಸುತ್ತದೆ, ವಾಟರ್‌ಪ್ರೂಫ್ ಕಾಗದವೇ ಆಗಬೇಕು. ಹಸಿ ಮರವನ್ನು ಉಜ್ಜಿದರೆ ನಾರು ಎದ್ದು ಕಾಗದ ಕಟ್ಟಿಕೊಳ್ಳುತ್ತದೆ. ಬೀಡಿಂಗ್ ಮೇಲೆ ಹಳೆಯ ಪೇಂಟ್ ಇದ್ದರೆ ಒಣ ಉಜ್ಜಾಟ ಬೇಡವೇ ಬೇಡ, ಧೂಳಿನಲ್ಲಿ ವಿಷಕಾರಿ ಸೀಸ ಇರಬಹುದು. ನಮ್ಮಲ್ಲಿ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ನೀರು ಚಿಮುಕಿಸುತ್ತಾ, ಮಾಸ್ಕ್ ಹಾಕಿ, ಮಕ್ಕಳನ್ನು ಹತ್ತಿರ ಬಿಡದೆ ಉಜ್ಜಿ, ಕೆಸರನ್ನು ಹಳೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.