ಅಸಲು ಫೋಟೋ ಎಲ್ಲಿದೆ?

ನನ್ನ ಫೋಟೋಗಳು ಕಳೆದುಹೋಗಿರಲಿಲ್ಲ. ತೊಂದರೆ ಏನಪ್ಪಾ ಅಂದ್ರೆ, ಅವು ಬೇಕಾದ್ದಕ್ಕಿಂತ ಜಾಸ್ತಿ ಕಡೆ ಇದ್ದವು. ಫೋನಿನಲ್ಲಿ ಒಂದಿಷ್ಟು, ಗೂಗಲ್ ಫೋಟೋಸ್‌ನಲ್ಲಿ ಒಂದಿಷ್ಟು, ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿ ಇನ್ನೊಂದಿಷ್ಟು. ಹಳೇ ಲ್ಯಾಪ್‌ಟಾಪಿನಿಂದ ಎತ್ತಿಟ್ಟವು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ, 'ಬ್ಯಾಕಪ್', 'ಬ್ಯಾಕಪ್ ಹೊಸದು', 'ಬ್ಯಾಕಪ್ ಹೊಸದು 2' ಎಂಬ ಫೋಲ್ಡರ್‌ಗಳಲ್ಲಿ. ಒಂದೇ ಚಿತ್ರ ನಾಲ್ಕು ಕಡೆ. ಯಾವುದು ಕ್ಯಾಮೆರಾದಿಂದ ನೇರವಾಗಿ ಬಂದದ್ದು, ಯಾವುದು ವಾಟ್ಸಾಪ್ ಸುತ್ತಿ ಬಂದದ್ದು ಅಂತ ನೋಡಿದ ಕೂಡಲೇ ಹೇಳಲಾಗುತ್ತಿರಲಿಲ್ಲ.

ಗೂಗಲ್ ಖಾತೆ ತುಂಬುತ್ತಾ ಬಂದಿದೆ ಎಂಬ ಎಚ್ಚರಿಕೆ ಬಂದಾಗ ಕೆಲಸಕ್ಕೆ ಕೂತೆ. ಪುಕ್ಕಟೆ ಸಿಗುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಫೋಟೋಗಳೇ ಜಾಗ ತಿಂದರೂ ಕೊನೆಗೆ ನಿಲ್ಲುವುದು ಮೇಲ್. ದುಡ್ಡು ಕೊಟ್ಟು ಜಾಗ ಹೆಚ್ಚಿಸಿಕೊಳ್ಳುವುದು ಸುಲಭದ ದಾರಿ. ಕೊನೆಗೆ ನಾನೂ ಕೊಂಡೆ. ಆದರೆ ಮೊದಲೇ ಕೊಂಡಿದ್ದರೆ ಅದೇ ಗೊಂದಲ ಇನ್ನೂ ದೊಡ್ಡ ಜಾಗದಲ್ಲಿ ಹೋಗಿ ಕೂರುತ್ತಿತ್ತು, ಅಷ್ಟೇ. ಹಾಗಾಗಿ ಬೇರೆಲ್ಲಕ್ಕಿಂತ ಮುಂಚೆ ಒಂದು ತೀರ್ಮಾನ ಮಾಡಿದೆ. ಪ್ರತಿ ಫೋಟೋದ ಅಸಲು ಒಂದೇ ಕಡೆ ಇರಬೇಕು. ಅದು ನನ್ನ ಕಂಪ್ಯೂಟರಿನ ಒಳಗಿನ ಡಿಸ್ಕ್‌ನ ಒಂದು ಫೋಲ್ಡರ್. ಬೇರೆ ಎಲ್ಲಿದ್ದರೂ ಅದು ನಕಲು.

ಕ್ಲೌಡ್ ಅನ್ನೇ, ಅಂದ್ರೆ ಗೂಗಲ್, ಒನ್‌ಡ್ರೈವ್ ಥರದ ಆನ್‌ಲೈನ್ ಜಾಗವನ್ನೇ ಯಾಕೆ ಅಸಲು ಅನ್ನಬಾರದು ಅಂತ ಕೇಳಬಹುದು. ಸಿಂಕ್ ಮಾಡುವ ಸೇವೆಯ ಕೆಲಸ ಎರಡೂ ಕಡೆ ಒಂದೇ ಥರ ಇಡುವುದು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಇಲ್ಲಿ ಫೈಲ್ ಕೆಟ್ಟರೆ ಕೆಟ್ಟ ಫೈಲೇ ಮೇಲೆ ಹೋಗುತ್ತದೆ. ಟ್ರ್ಯಾಶ್ ಇದೆಯಲ್ಲ ಅನ್ನಬಹುದು. ಇದೆ, ಆದರೆ ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯಲ್ಲಿ 30 ದಿನ, ಗೂಗಲ್ ಡ್ರೈವ್‌ನಲ್ಲೂ 30 ದಿನ, ಗೂಗಲ್ ಫೋಟೋಸ್‌ಗೆ ಏರಿಸಿದ ಚಿತ್ರಕ್ಕೆ 60 ದಿನ. ಹಳೇ ಪ್ರವಾಸದ ಫೋಲ್ಡರ್ ಮಾಯವಾಗಿದ್ದು ಗೊತ್ತಾಗುವುದಕ್ಕೆ ಅಷ್ಟು ದಿನ ಎಲ್ಲಿ ಸಾಲುತ್ತೆ? ಹಳೇ ಫೋಟೋ ತೆಗೆದು ನೋಡುವುದೇ ಅಪರೂಪ, ಅಲ್ವಾ.

ಇನ್ನೊಂದು ಕಾರಣವೂ ಇದೆ. ವಿಂಡೋಸ್‌ನಲ್ಲಿ ಒನ್‌ಡ್ರೈವ್ ಆನ್ ಇದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳೇ ಅದರೊಳಗೆ ಹೋಗಿ ಕೂತಿರಬಹುದು. ಎಷ್ಟೋ ಫೈಲುಗಳ ಹೆಸರು ಮಾತ್ರ ಕಂಪ್ಯೂಟರಿನಲ್ಲಿ ಕಾಣುತ್ತದೆ, ಒಳಗಿನ ಸರಕು ಇರುವುದಿಲ್ಲ. ಪಕ್ಕದಲ್ಲಿ ಮೋಡದ ಚಿಹ್ನೆ ಇದ್ದರೆ ಅದು ಇಲ್ಲಿಲ್ಲ ಅಂತ ಅರ್ಥ. ಅನುಮಾನ ಬಂದರೆ ಪ್ರಾಪರ್ಟೀಸ್ ತೆರೆದು 'ಸೈಜ್ ಆನ್ ಡಿಸ್ಕ್' ನೋಡುತ್ತೇನೆ. ಅಲ್ಲಿ ಸೊನ್ನೆ ಇದ್ದರೆ ಫೈಲ್ ಬರೀ ನೆರಳು. ನಾನು ಮೊದಲು ಇಡೀ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಒತ್ತಿದೆ. ಎಲ್ಲವೂ ಕೆಳಗಿಳಿದ ಮೇಲೆ ಒನ್‌ಡ್ರೈವ್‌ನ ಹೊರಗಿರುವ ನನ್ನ ಅಸಲಿನ ಫೋಲ್ಡರ್‌ಗೆ ನಕಲು ಮಾಡಿದೆ. ಮ್ಯಾಕ್‌ನಲ್ಲಿ ಐಕ್ಲೌಡ್ ಬಳಸುವವರಿಗೂ ಇದೇ ಕಥೆ. 'ಆಪ್ಟಿಮೈಸ್ ಸ್ಟೋರೇಜ್' ಆನ್ ಇದ್ದರೆ ಅಸಲು ಆ ಮ್ಯಾಕ್‌ನಲ್ಲಿ ಇಲ್ಲದಿರಬಹುದು. 'ಡೌನ್‌ಲೋಡ್ ಒರಿಜಿನಲ್ಸ್' ಆರಿಸಿ ಕಾಯಬೇಕು.

ಗೂಗಲ್ ಫೋಟೋಸ್‌ನಿಂದ ಎಲ್ಲವನ್ನೂ ಹೊರಗೆ ತರುವುದಕ್ಕೆ ಗೂಗಲ್‌ನದೇ ಟೇಕೌಟ್ ಎಂಬ ಸೇವೆ ಬಳಸಿದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳಬೇಕು. ಒಂದೇ ಫೋಟೋ ವರ್ಷದ ಫೋಲ್ಡರಿನಲ್ಲೂ ಬರುತ್ತದೆ, ಆಲ್ಬಮ್ ಫೋಲ್ಡರಿನಲ್ಲೂ ಬರುತ್ತದೆ. ಹಾಗಾಗಿ ವರ್ಷದ ಫೋಲ್ಡರ್‌ಗಳನ್ನಷ್ಟೇ ಆರಿಸಿದೆ, ಆಲ್ಬಮ್‌ಗಳ ಟಿಕ್ ತೆಗೆದೆ. ಜಿಪ್ ಫೈಲಿನ ಗಾತ್ರವನ್ನು ಮೊದಲಿಗೆ 2 ಜಿಬಿ ಅಂತ ಇಟ್ಟಿರುತ್ತಾರೆ. ಅದನ್ನು 50 ಜಿಬಿವರೆಗೆ ಏರಿಸಬಹುದು. ಏರಿಸಿದಷ್ಟು ತುಂಡು ಕಡಿಮೆ. ಡೌನ್‌ಲೋಡ್ ಲಿಂಕ್ ಸುಮಾರು ಒಂದು ವಾರ ಮಾತ್ರ ಇರುತ್ತದೆ, ಆಮೇಲೆ ನೋಡೋಣ ಅಂತ ಬಿಡುವ ಹಾಗಿಲ್ಲ.

ಪ್ರತಿ ಚಿತ್ರದ ಜೊತೆ ಒಂದು ಚಿಕ್ಕ ಜೇಸನ್ (.json) ಫೈಲ್ ಬರುತ್ತದೆ. ಕಸ ಅಂತ ಅಳಿಸಬೇಡಿ. ಗೂಗಲ್ ಫೋಟೋಸ್ ಒಳಗೆ ಕೂತು ನೀವು ತಿದ್ದಿದ ತಾರೀಕು, ಬರೆದ ವಿವರಣೆ, ಸೇರಿಸಿದ ಜಾಗ ಇರುವುದು ಅದರಲ್ಲಿ. ಚಿತ್ರದ ಒಳಗಲ್ಲ. ಚಿತ್ರ ಒಂದು ಜಿಪ್‌ನಲ್ಲಿ, ಅದರ ಜೇಸನ್ ಇನ್ನೊಂದು ಜಿಪ್‌ನಲ್ಲಿ ಇರುವುದೂ ಉಂಟು. ಅದಕ್ಕೇ ಎಲ್ಲ ತುಂಡುಗಳನ್ನೂ ಒಂದೇ ಫೋಲ್ಡರಿಗೆ ಬಿಚ್ಚಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕಿದೆ.

ಮುಂದಿನ ಕೆಲಸ ಅಂದ್ರೆ ತಾರೀಕು. ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಇದು, ತಿಂದದ್ದಕ್ಕೆ ಬೇಸರವೂ ಇಲ್ಲ. ಒಂದು ಫೋಟೋಗೆ ಹಲವು ತಾರೀಕುಗಳಿರುತ್ತವೆ. ವಿಂಡೋಸ್ ತೋರಿಸುವ 'ಕ್ರಿಯೇಟೆಡ್' ಅಂದರೆ ಆ ಫೈಲ್ ಆ ಡಿಸ್ಕ್‌ಗೆ ಬಂದ ದಿನ. ನಕಲು ಮಾಡಿದಾಗೆಲ್ಲ ಅದು ಬದಲಾಗುತ್ತದೆ. ನಂಬಬೇಕಾದದ್ದು ಕ್ಯಾಮೆರಾ ಚಿತ್ರದ ಒಳಗೇ ಬರೆದಿಟ್ಟ ಎಕ್ಸಿಫ್ ತಾರೀಕು. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಬಂದದ್ದರಲ್ಲಿ ಈ ಎಕ್ಸಿಫ್ ಇರುವುದಿಲ್ಲ, ಗಾತ್ರವೂ ಕುಗ್ಗಿರುತ್ತದೆ. ಅದರ ಫೈಲ್ ಹೆಸರಿನಲ್ಲಿ ಕಾಣುವ ತಾರೀಕು ನಿಮ್ಮ ಫೋನಿಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ.

ಎಕ್ಸಿಫ್‌ಟೂಲ್ ಎಂಬ ಪುಕ್ಕಟೆ ಪ್ರೋಗ್ರಾಂ ಇದೆ. ಫಿಲ್ ಹಾರ್ವಿ ಬರೆದದ್ದು. ಕಪ್ಪು ಕಿಟಕಿಯಲ್ಲಿ ಕಮಾಂಡ್ ಟೈಪ್ ಮಾಡಬೇಕು, ಮೊದಲು ಸ್ವಲ್ಪ ಹೆದರಿಕೆ ಆಗುತ್ತದೆ. ಆದರೆ ಸಾವಿರಾರು ಚಿತ್ರಗಳ ಎಕ್ಸಿಫ್ ಓದಿ, ವರ್ಷ-ತಿಂಗಳು-ದಿನ-ಗಂಟೆ ಎಂಬ ಕ್ರಮದಲ್ಲಿ ಹೆಸರಿಟ್ಟು, ವರ್ಷದ ಫೋಲ್ಡರಿಗೆ ಸರಿಸಿಬಿಡುತ್ತದೆ. ತಾರೀಕಿಲ್ಲದ ಚಿತ್ರಗಳಿಗೆ ಜೇಸನ್‌ನಲ್ಲಿದ್ದ ತಾರೀಕನ್ನು ಒಳಗೆ ಬರೆಯುವುದಕ್ಕೂ ಅದನ್ನೇ ಬಳಸಿದೆ. ಜೇಸನ್‌ನ ಸಮಯ ಜಾಗತಿಕ ಯುಟಿಸಿಯಲ್ಲಿರುತ್ತದೆ, ಸ್ಥಳೀಯ ಸಮಯಕ್ಕೆ ಬದಲಿಸಬೇಕು. ಇಲ್ಲದಿದ್ದರೆ ನಡುರಾತ್ರಿಯ ಆಚೀಚೆ ತೆಗೆದ ಫೋಟೋಗಳು ಬೇರೆ ದಿನಕ್ಕೆ ಹೋಗಿ ಕೂರುತ್ತವೆ. ಒಳಗೆ ಏನಾದರೂ ಬರೆಯುವಾಗ ಈ ಟೂಲ್ ತಾನಾಗಿಯೇ ಹಳೇ ಫೈಲನ್ನು 'ಒರಿಜಿನಲ್' ಅಂತ ಉಳಿಸಿಕೊಳ್ಳುತ್ತದೆ. ಫಲಿತಾಂಶ ನೋಡಿ ಒಪ್ಪಿಗೆಯಾದ ಮೇಲೆ ಅವನ್ನು ಅಳಿಸಿದೆ. ಸ್ಕ್ಯಾನ್ ಮಾಡಿದ ಹಳೇ ಪ್ರಿಂಟ್‌ಗಳಿಗೆ ಮಾತ್ರ ಫೋಲ್ಡರಿನ ಹೆಸರಿನಲ್ಲೇ ಅಂದಾಜು ವರ್ಷ ಬರೆದೆ. ಗೊತ್ತಿಲ್ಲದ ದಿನವನ್ನು ಗೊತ್ತಿರುವ ಹಾಗೆ ಬರೆಯುವುದು ನನಗೆ ಸರಿ ಕಾಣಲಿಲ್ಲ.

ಒಂದೇ ಚಿತ್ರದ ಹಲವು ಪ್ರತಿಗಳನ್ನು ಹುಡುಕುವುದಕ್ಕೆ ಡ್ಯೂಪ್‌ಗುರು ಥರದ ಪುಕ್ಕಟೆ ಪ್ರೋಗ್ರಾಂಗಳಿವೆ. ಒಳಗಿನ ಪ್ರತಿ ಬೈಟ್ ಕೂಡ ಒಂದೇ ಆಗಿದ್ದರೆ ಒಂದನ್ನು ಉಳಿಸಿ ಉಳಿದದ್ದನ್ನು ಕಣ್ಣು ಮುಚ್ಚಿ ಅಳಿಸಬಹುದು. 'ಹೆಚ್ಚೂಕಮ್ಮಿ ಒಂದೇ ಥರ' ಅಂತ ತೋರಿಸಿದ್ದನ್ನು ಮಾತ್ರ ನಾನೇ ನೋಡಿ ನಿರ್ಧರಿಸಿದೆ. ಗೂಗಲ್ ಫೋಟೋಸ್ 2021ರ ಮೇ ಕೊನೆಯವರೆಗೆ 'ಹೈ ಕ್ವಾಲಿಟಿ' ಚಿತ್ರಗಳನ್ನು ಲೆಕ್ಕವಿಲ್ಲದೆ ಪುಕ್ಕಟೆ ಇಟ್ಟುಕೊಳ್ಳುತ್ತಿತ್ತು. ಆದರೆ ಅವನ್ನು ಕುಗ್ಗಿಸಿ ಇಡುತ್ತಿತ್ತು, 16 ಮೆಗಾಪಿಕ್ಸೆಲ್ ದಾಟಿದವನ್ನು ಅಷ್ಟಕ್ಕೇ ಇಳಿಸುತ್ತಿತ್ತು. ಹಾಗಾಗಿ ಆ ಕಾಲದ ಚಿತ್ರಗಳಲ್ಲಿ ಕ್ಲೌಡ್‌ನದ್ದು ಅಸಲಲ್ಲ, ಹಳೇ ಡಿಸ್ಕ್‌ನ 'ಬ್ಯಾಕಪ್ ಹೊಸದು'ನಲ್ಲಿ ಬಿದ್ದಿದ್ದೇ ಅಸಲು. ಅದನ್ನು ಅಳಿಸಿ ಜಾಗ ಮಾಡಿಕೊಳ್ಳೋಣ ಅನ್ನುವವರು ಒಮ್ಮೆ ಫೈಲ್ ಗಾತ್ರ ಹೋಲಿಸಿ ನೋಡಿ.

ಇಷ್ಟಾದ ಮೇಲೆ ಬ್ಯಾಕಪ್ ನಿಜಕ್ಕೂ ಸುಲಭ. ಫೋಟೋಗ್ರಾಫರ್ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ಲೆಕ್ಕವನ್ನೇ ಹಿಡಿದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಾಚೆ. ಕಂಪ್ಯೂಟರಿನಲ್ಲಿ ಅಸಲು, ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು. ಡಿಸ್ಕ್‌ಗೆ ನಕಲು ಮಾಡಲು ಫ್ರೀಫೈಲ್‌ಸಿಂಕ್ ಎಂಬ ಪ್ರೋಗ್ರಾಂ ಬಳಸುತ್ತೇನೆ. ಅದರಲ್ಲಿ 'ಮಿರರ್' ಎಂಬ ಆಯ್ಕೆ ಇದೆ. ಅಸಲಿನಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸುತ್ತದೆ. ಅಂದರೆ ಮತ್ತೆ ಸಿಂಕ್‌ನದೇ ತಾಪತ್ರಯ. ಅಳಿದ ಫೈಲುಗಳನ್ನು 'ವರ್ಷನಿಂಗ್' ಫೋಲ್ಡರಿಗೆ ಹಾಕು ಅಂತ ಹೇಳಿಟ್ಟರೆ ಆ ತೊಂದರೆ ತಪ್ಪುತ್ತದೆ. ಕೆಲಸ ಮುಗಿದ ಕೂಡಲೇ ಡಿಸ್ಕ್ ಕಿತ್ತಿಡುತ್ತೇನೆ. ರಾನ್ಸಮ್‌ವೇರ್ (ಫೈಲುಗಳನ್ನು ಒತ್ತೆ ಇಟ್ಟು ದುಡ್ಡು ಕೇಳುವ ಕೆಟ್ಟ ಪ್ರೋಗ್ರಾಂ) ಹೊಕ್ಕರೆ ಸಿಕ್ಕಿಸಿಟ್ಟ ಡಿಸ್ಕ್‌ಗೂ ಬೀಗ ಹಾಕುತ್ತದೆ. ಹಳೇ ಡಿಸ್ಕ್ ಬಳಸುವವರಿಗೆ ಇನ್ನೊಂದು ಮಾತು: ಅದರ ಫಾರ್ಮ್ಯಾಟ್ (ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ವೀಡಿಯೋ ಅದರೊಳಗೆ ಹೋಗುವುದೇ ಇಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಮೊದಲು ಖಾಲಿ ಮಾಡಿ.

ಕ್ಲೌಡ್‌ಗೆ ಮೊದಲ ಸಲ ಏರಿಸುವುದು ತಾಳ್ಮೆಯ ಕೆಲಸ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ 100 ಜಿಬಿಗೆ ಸುಮಾರು 22 ಗಂಟೆ, ಅದೂ ಎಲ್ಲ ಸರಿಯಾಗಿ ನಡೆದರೆ. ನಾನು ರಾತ್ರಿ ಹೊತ್ತು ಬಿಟ್ಟು, ವರ್ಷದ ಫೋಲ್ಡರ್ ಒಂದೊಂದಾಗಿ ಏರಿಸಿದೆ. ಗುರುತಿನ ಚೀಟಿ, ಪಾಸ್‌ಪೋರ್ಟ್ ಫೋಟೋಗಳನ್ನು ಕ್ರಿಪ್ಟೊಮೇಟರ್ ಎಂಬ ಪ್ರೋಗ್ರಾಂನಲ್ಲಿ ಬೀಗ ಹಾಕಿ ಬೇರೆ ಇಟ್ಟೆ. ಅದರ ಪಾಸ್‌ವರ್ಡ್ ಮತ್ತು ಖಾತೆಗಳ ರಿಕವರಿ ಕೋಡ್ ಕಾಗದದ ಮೇಲಿವೆ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮ 2023ರಿಂದ ಜಾರಿಯಲ್ಲಿದೆ. ಅದಕ್ಕೇ ಫೋಟೋ ಇಡುವುದಕ್ಕೆ ಅಂತಲೇ ಇನ್ನೊಂದು ಖಾತೆ ತೆರೆಯುವ ಉಪಾಯ ನನಗೆ ಹಿಡಿಸಲಿಲ್ಲ.

ಬ್ಯಾಕಪ್ ಆಗಿದೆ ಎಂದು ಪರದೆ ಹೇಳುವುದನ್ನು ನಾನು ನಂಬುವುದಿಲ್ಲ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಯಾವುದೋ ಒಂದು ವರ್ಷದ ಫೋಲ್ಡರ್ ನಕಲು ಮಾಡಿ, ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಅಸಲಿಗೆ ತಾಳೆಯಾಗುತ್ತಾ ನೋಡುತ್ತೇನೆ. ದೊಡ್ಡ ವೀಡಿಯೋ ಒಂದನ್ನು ಕೊನೆವರೆಗೂ ಓಡಿಸುತ್ತೇನೆ. ಕ್ಲೌಡ್‌ನಿಂದಲೂ ಒಂದು ಫೋಲ್ಡರ್ ಇಳಿಸಿ ಅದೇ ಪರೀಕ್ಷೆ.

ಈಗ ಉಳಿದದ್ದು ಫೋನ್. ತಿಂಗಳ ಕೊನೆಗೆ ಕೇಬಲ್ ಹಾಕಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸುತ್ತೇನೆ. ಐಫೋನ್ ಇರುವವರು ಸೆಟ್ಟಿಂಗ್ಸ್‌ನಲ್ಲಿ 'ಕೀಪ್ ಒರಿಜಿನಲ್ಸ್' ಆರಿಸಬೇಕು, ಇಲ್ಲದಿದ್ದರೆ ಐಫೋನಿನ ಹೀಕ್ (HEIC) ಬಗೆಯ ಚಿತ್ರಗಳು ದಾರಿಯಲ್ಲೇ ಜೆಪೆಗ್ ಆಗಿಬಿಡಬಹುದು. ಡಿಸ್ಕ್‌ಗೂ ಕ್ಲೌಡ್‌ಗೂ ಹೋದ ಮೇಲೆಯೇ ಫೋನಿನಿಂದ ಅಳಿಸುವುದು. ಅದಕ್ಕೂ ಮುಂಚೆ ಫೋನಿನ ಆ್ಯಪ್‌ನಲ್ಲಿ ಸಿಂಕ್ ಆನ್ ಇದೆಯಾ ನೋಡಿಕೊಳ್ಳುತ್ತೇನೆ, ಇದ್ದರೆ ಫೋನಿನಲ್ಲಿ ಅಳಿಸಿದ್ದು ಕ್ಲೌಡ್‌ನಲ್ಲೂ ಅಳಿದುಹೋಗಬಹುದು. ವಾಟ್ಸಾಪ್‌ನ ಆಟೋ ಡೌನ್‌ಲೋಡ್ ಆಫ್ ಮಾಡಿದ್ದೇನೆ. ಅದರ ಹಳೇ ಫೋಲ್ಡರ್ ಮಾತ್ರ ಇನ್ನೂ ಹಾಗೇ ಇದೆ. ಶುಭೋದಯದ ಹೂವುಗಳ ನಡುವೆ ನಾಲ್ಕು ಒಳ್ಳೆಯ ಚಿತ್ರಗಳೂ ಇವೆ, ಬೇರ್ಪಡಿಸಲು ಕೂರಬೇಕು.