ಹುಬ್ಬಳ್ಳಿಯಿಂದ ಮಸಾಯಿ ಮಾರಾಕ್ಕೆ: ಗಂಡ-ಹೆಂಡತಿ ಇಬ್ಬರೇ ಸಫಾರಿಗೆ ಹೋಗುವುದು ಹೇಗೆ?

ಬೆಳಗಿನ ಹನ್ನೊಂದರ ಬಿಸಿಲು. ಸುತ್ತ ಎಲ್ಲೂ ಒಂದು ಮರ ಇಲ್ಲ. ಅರ್ಧ ಗಂಟೆಯಿಂದ ಹುಲ್ಲಿನಲ್ಲಿ ಬಿದ್ದುಕೊಂಡಿದ್ದ ಸಿಂಹಿಣಿ ಎದ್ದಿತು, ಮೈ ಮುರಿಯಿತು, ನೇರ ನಮ್ಮ ಗಾಡಿ ಕಡೆ ನಡೆದು ಬಂತು. ಬಂದದ್ದೇ ಗಾಡಿಯ ನೆರಳಿನಲ್ಲಿ, ನನ್ನ ಸೀಟಿನ ಕೆಳಗೇ, ಧೊಪ್ಪಂತ ಮಲಗಿತು. ಗಾಡಿಗೆ ಪಕ್ಕದಲ್ಲಿ ಗಾಜಿಲ್ಲ. ಕೆಳಗೆ ನೋಡಿದರೆ ಅದರ ಹರಿದ ಕಿವಿಯಂಚು, ಮೂಗಿನ ಮೇಲೆ ಕೂತ ನೊಣ, ಏದುಸಿರಿಗೆ ಏರಿಳಿಯುವ ಪಕ್ಕೆಲುಬು, ಎಲ್ಲಾ ಕಾಣುತ್ತಿತ್ತು. ನಮ್ಮನೆಯವರು ನನ್ನ ಮೊಣಕೈ ಹಿಡಿದು "ಅಳ್ಳಾಡಬ್ಯಾಡ, ಸುಮ್ನ ಕೂಡು" ಅಂದರು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಇಪ್ಪತ್ತು ನಿಮಿಷ ಹಾಗೇ ಕೂತಿದ್ದೆವು.

ಮದುವೆಯಾಗಿ ಇಪ್ಪತ್ತೈದು ವರ್ಷ ಆಯಿತು ಅಂತ ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಿ ಬಂದೆವು. ಬಂದಾಗಿನಿಂದ ಓಣಿಯಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಹೋದರೂ ಅದೇ ಪ್ರಶ್ನೆಗಳು: "ಎಷ್ಟು ಖರ್ಚಾತ್ರೀ? ಅಂಜಿಕಿ ಬರ್ಲಿಲ್ಲೇನು? ಊಟಕ್ಕ ಏನು ಮಾಡಿದ್ರಿ?" ಒಂದೊಂದಾಗಿ ಹೇಳ್ತೀನಿ. ಪ್ರಾಣಿ ಹತ್ತಿರ ಬರುವುದಕ್ಕೆ ಅದೃಷ್ಟ ಬೇಕು, ನಿಜ. ಆದರೆ ಯಾವ ತಿಂಗಳು ಹೋಗುತ್ತೀರಿ, ಎಲ್ಲಿ ಉಳಿಯುತ್ತೀರಿ, ಒಂದೇ ಜಾಗದಲ್ಲಿ ಎಷ್ಟು ಹೊತ್ತು ಸುಮ್ಮನೆ ಕೂರುತ್ತೀರಿ ಅನ್ನುವುದರ ಮೇಲೂ ತುಂಬಾ ನಿಂತಿದೆ. ಅದು ನಮ್ಮ ಕೈಯಲ್ಲೇ ಇದೆ, ಅಲ್ವಾ?

ಮೊದಲು ತಿಂಗಳು ಆರಿಸಿ

ಎಲ್ಲರೂ ಹೇಳುವುದು ಜುಲೈನಿಂದ ಅಕ್ಟೋಬರ್. ಆಗ ತಾಂಜಾನಿಯಾದ ಸೆರೆಂಗೆಟಿ ಕಡೆಯಿಂದ ವಿಲ್ಡಬೀಸ್ಟ್ ಅನ್ನುವ ದನದಂಥ ದೊಡ್ಡ ಜಿಂಕೆಗಳ ಹಿಂಡುಗಳು ಹುಲ್ಲು ಹುಡುಕಿಕೊಂಡು ಮಾರಾಕ್ಕೆ ಬರುತ್ತವೆ. ಈ ವಲಸೆಯಲ್ಲಿ ಇರುವುದು ಹತ್ತು ಲಕ್ಷಕ್ಕೂ ಜಾಸ್ತಿ ಪ್ರಾಣಿಗಳು, ಜೊತೆಗೆ ಜೀಬ್ರಾಗಳು. ಮೊಸಳೆ ತುಂಬಿದ ಮಾರಾ ನದಿಯನ್ನು ಅವು ದಾಟುವುದನ್ನು ನೋಡಲೇಬೇಕು ಅನ್ನುವ ಆಸೆ ಇದ್ದರೆ ಬೇರೆ ದಾರಿ ಇಲ್ಲ, ಆಗಲೇ ಹೋಗಿ.

ನಾವು ಹೋದದ್ದು ಫೆಬ್ರವರಿಯಲ್ಲಿ. ವಲಸೆ ಇರುವುದಿಲ್ಲ, ಆದರೆ ಸಿಂಹ, ಚಿರತೆ, ಚೀತಾ, ಆನೆ ಎಲ್ಲೂ ಹೋಗುವುದಿಲ್ಲ, ವರ್ಷವಿಡೀ ಅಲ್ಲೇ ಇರುತ್ತವೆ. ಮಳೆ ಕಡಿಮೆ. ಗಾಡಿಗಳೂ ಕಡಿಮೆ. ದುಡ್ಡೂ ಉಳಿಯುತ್ತದೆ: 2024ರಿಂದ ಮಾರಾ ಮೀಸಲು ಅರಣ್ಯದ ಪ್ರವೇಶ ಶುಲ್ಕ ವಿದೇಶಿಯರಿಗೆ ಜನವರಿಯಿಂದ ಜೂನ್‌ವರೆಗೆ ಒಬ್ಬರಿಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಇಬ್ಬರಿಗೆ ದಿನಕ್ಕೆ 400 ಡಾಲರ್ ಬರೀ ಗೇಟಿನಲ್ಲೇ ಕೊಡುವುದು ಸಣ್ಣ ಮಾತಲ್ಲ. ಏಪ್ರಿಲ್-ಮೇನಲ್ಲಿ ಜೋರು ಮಳೆ, ಗಾಡಿ ಕೆಸರಿನಲ್ಲಿ ಹೂತುಕೊಳ್ಳುತ್ತದೆ, ಕೆಲವು ಕ್ಯಾಂಪು (ಪ್ರವಾಸಿಗರು ಉಳಿಯುವ ಟೆಂಟಿನ ವಸತಿ) ಬಾಗಿಲು ಹಾಕುತ್ತವೆ. ಆ ಎರಡು ತಿಂಗಳು ಬಿಡಿ.

ಕ್ಯಾಂಪು ಆರಿಸುವುದು: ಇಲ್ಲೇ ಎಲ್ಲಾ ಇರುವುದು

ನಾವು ಮೊದಲು ಮಾತಾಡಿದ ಏಜೆಂಟರು ಆರು ದಿನದಲ್ಲಿ ನಾಲ್ಕು ಅರಣ್ಯ ತೋರಿಸುವ ಪಟ್ಟಿ ಕಳಿಸಿದರು. ನೋಡಿದರೆ ದಿನಕ್ಕೆ ಐದಾರು ತಾಸು ರಸ್ತೆಯಲ್ಲೇ. ಬೇಡ ಅಂದೆವು. ಒಂದೇ ಕಡೆ ನಾಲ್ಕು ರಾತ್ರಿ ಉಳಿದೆವು. ಮೂರನೇ ದಿನಕ್ಕೆ ಆ ಸಿಂಹಗಳ ಗುಂಪಿನಲ್ಲಿ ಯಾರು ತಾಯಿ, ಯಾವ ಮರಿ ತುಂಟ ಅನ್ನುವುದು ನಮಗೇ ಗೊತ್ತಾಗತೊಡಗಿತು. ಈ ಖುಷಿ ಓಡೋಡಿ ನೋಡಿದರೆ ಸಿಗುವುದಿಲ್ಲ.

ಇನ್ನೊಂದು ವಿಷಯ ಗಮನದಲ್ಲಿಡಿ. ಮಾರಾ ಅಂದರೆ ಬರೀ 1,510 ಚದರ ಕಿಲೋಮೀಟರಿನ ಸರ್ಕಾರಿ ಮೀಸಲು ಅರಣ್ಯ ಅಲ್ಲ. ಅದರ ಅಂಚಿಗೆ ನಬೋಯಿಶೋ, ಓಲಾರೆ ಮೊಟೊರೊಗಿ, ಮಾರಾ ನಾರ್ತ್ ಅಂತ ಕನ್ಸರ್ವೆನ್ಸಿಗಳಿವೆ. ಇವು ಮಸಾಯಿ ಅನ್ನುವ ಅಲ್ಲಿನ ದನಗಾಹಿ ಜನಾಂಗದ ಕುಟುಂಬಗಳ ಸ್ವಂತ ಜಮೀನು. ಕ್ಯಾಂಪಿನವರು ಅದನ್ನು ಲಾವಣಿಗೆ ಹಿಡಿದು ಆ ಕುಟುಂಬಗಳಿಗೆ ಬಾಡಿಗೆ ಕೊಡುತ್ತಾರೆ, ಅವರು ಅಲ್ಲಿ ಬೇಲಿ ಹಾಕದೆ, ಉಳುಮೆ ಮಾಡದೆ ಪ್ರಾಣಿಗಳಿಗೆ ಬಿಡುತ್ತಾರೆ. ಎಷ್ಟು ಎಕರೆಗೆ ಎಷ್ಟು ಟೆಂಟು ಅನ್ನುವ ಲೆಕ್ಕ ಇದೆ. ಹಾಗಾಗಿ ಜನ ಕಡಿಮೆ. ಮೀಸಲು ಅರಣ್ಯದೊಳಗೆ ರಾತ್ರಿ ಸಫಾರಿ ಇಲ್ಲ, ದಾರಿ ಬಿಟ್ಟು ಗಾಡಿ ಇಳಿಸುವಂತಿಲ್ಲ. ಕನ್ಸರ್ವೆನ್ಸಿಯಲ್ಲಿ ಎರಡಕ್ಕೂ ಅವಕಾಶ ಇದೆ, ಮಸಾಯಿ ಗೈಡ್ ಜೊತೆ ನಡೆದುಕೊಂಡೂ ಹೋಗಬಹುದು. ಗಂಡ-ಹೆಂಡತಿ ಇಬ್ಬರೇ ಹೋಗುವವರಿಗೆ ನಾನು ಇದನ್ನೇ ಹೇಳುವುದು.

ಐಷಾರಾಮಿ ಕ್ಯಾಂಪಿನಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಕೆಲವು ನೂರು ಡಾಲರ್‌ನಿಂದ ಶುರುವಾಗಿ ಸಾವಿರ ದಾಟುವುದೂ ಉಂಟು. ಬುಕ್ ಮಾಡುವ ಮುಂಚೆ ನಾಚಿಕೆ ಬಿಟ್ಟು ಕೇಳಿ: ಪ್ರವೇಶ ಶುಲ್ಕ ಇದರಲ್ಲೇ ಬಂತಾ? ಗಾಡಿ ನಮ್ಮಿಬ್ಬರಿಗೇನಾ, ಬೇರೆಯವರೂ ಇರುತ್ತಾರಾ? ಗಾಡಿ ಪಕ್ಕ ತೆರೆದದ್ದಾ, ಮೇಲ್ಛಾವಣಿ ಎತ್ತುವ ವ್ಯಾನಾ? ಬೇರೆ ಜೋಡಿ ಜೊತೆ ಕೂರಿಸಿದರೆ, ನಿಮಗೆ ಆನೆ ಹತ್ತಿರ ಇನ್ನೂ ನಿಲ್ಲಬೇಕು ಅನ್ನಿಸಿದಾಗ ಅವರಿಗೆ ಹಸಿವಾಗಿರುತ್ತದೆ. ಆದರೆ ಗಾಡಿ ಪ್ರತ್ಯೇಕ ಬೇಕು ಅಂದರೆ ರೇಟು ಏರುತ್ತದೆ. ನಾವು ಒಂದು ರಾತ್ರಿ ಕಡಿಮೆ ಮಾಡಿಕೊಂಡು ಪ್ರತ್ಯೇಕ ಗಾಡಿ ತಗೊಂಡೆವು, ಅದೇ ಸರಿ ಅನ್ನಿಸಿತು.

ಇಲ್ಲಿಂದಲೇ ಪ್ಯಾಕೇಜ್ ಕೊಂಡರೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ರಸೀದಿ ಇಟ್ಟುಕೊಳ್ಳಿ. ಆದಾಯ ತೆರಿಗೆ ರಿಟರ್ನ್ ತುಂಬುವಾಗ ಹೊಂದಿಸಿಕೊಳ್ಳಬಹುದು.

ಕಾಗದ ಪತ್ರ ಮತ್ತು ಒಂದು ಸೂಜಿ

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಿಲ್ಲ, ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಇದ್ದವರು ಅವಧಿ ನೋಡಿಕೊಳ್ಳಿ, ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಕೀನ್ಯಾದವರು 2024ರ ಜನವರಿಯಿಂದ ವೀಸಾ ತೆಗೆದು ಇಟಿಎ ಅನ್ನುವ ಆನ್‌ಲೈನ್ ಪರವಾನಗಿ ತಂದಿದ್ದಾರೆ. ಹೋಗುವ ಮುಂಚೆ ಕೀನ್ಯಾ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ, ಅದರ ಹಾಗೇ ಕಾಣುವ ಖಾಸಗಿ ತಾಣಗಳಿಗೆ ದುಡ್ಡು ಕಟ್ಟಬೇಡಿ.

ಜನ ಮರೆಯುವುದು ಹಳದಿ ಜ್ವರದ ಲಸಿಕೆ. ಭಾರತದಿಂದ ಹೋಗುವಾಗ ಕೀನ್ಯಾದವರು ಕೇಳದೇ ಇರಬಹುದು, ಆದರೆ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಕೇಳುತ್ತಾರೆ. ಸರ್ಟಿಫಿಕೇಟು ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು. ಚುಚ್ಚಿಸಿಕೊಂಡ ಹತ್ತು ದಿನದ ನಂತರ ಮಾತ್ರ ಸರ್ಟಿಫಿಕೇಟು ನಡೆಯುತ್ತದೆ. ಇದನ್ನು ಎಲ್ಲಾ ದವಾಖಾನೆಯಲ್ಲಿ ಹಾಕುವುದಿಲ್ಲ, ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ, ಅದೂ ಮೊದಲೇ ಹೆಸರು ಹಚ್ಚಿ. ಅರವತ್ತು ದಾಟಿದವರು, ಮೊಟ್ಟೆ ಆಗದವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಮಲೇರಿಯಾ ಗುಳಿಗೆ ಬಗ್ಗೆಯೂ ಆಗಲೇ ಕೇಳಿಬಿಡಿ.

ರಾಣೆಬೆನ್ನೂರಿನಲ್ಲಿ ಒಂದು ಬೆಳಗ್ಗೆ

ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳ್ತೀನಿ. ಆಫ್ರಿಕಾಕ್ಕೆ ಹೋಗುವ ಮುಂಚೆ ಮನೆ ಹತ್ತಿರವೇ ಒಂದು ತಾಲೀಮು ಮಾಡಿ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರಿನದು, 1974ರಲ್ಲಿ ಆದದ್ದು. ಬೆಳಗಿನ ಜಾವ ಹೋಗಿ, ದುರ್ಬೀನು ಹಿಡಿಯುವುದು, ಮಾತಾಡದೆ ಕೈಸನ್ನೆಯಲ್ಲಿ ತೋರಿಸುವುದು, ಒಂದೇ ಹಿಂಡನ್ನು ಮುಕ್ಕಾಲು ಗಂಟೆ ನೋಡುವುದು, ಇಷ್ಟು ರೂಢಿ ಮಾಡಿಕೊಳ್ಳಿ. ನಮ್ಮನೆಯವರಿಗೆ ದುರ್ಬೀನಿನಲ್ಲಿ ಪ್ರಾಣಿ ಹಿಡಿಯುವುದು ಬಂದದ್ದೇ ಅಲ್ಲಿ. ಚಳಿಗಾಲವಾದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಹೋಗಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಅನ್ನುವ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ನಮಗೆಲ್ಲ ಹೆಮ್ಮೆಯ ವಿಷಯ.

ಕೃಷ್ಣಮೃಗ ಅಷ್ಟು ಜೋರಾಗಿ ಏಕೆ ಓಡುತ್ತದೆ ಗೊತ್ತಾ? ಒಂದು ಕಾಲದಲ್ಲಿ ನಮ್ಮ ದೇಶದ ಬಯಲಿನಲ್ಲಿ ಅದನ್ನು ಅಟ್ಟುತ್ತಿದ್ದುದು ಚೀತಾ. ಆ ಚೀತಾ ಭಾರತದಿಂದ ಅಳಿಯಿತು ಅಂತ 1952ರಲ್ಲಿ ಘೋಷಣೆ ಆಯಿತು. ಆ ಪ್ರಾಣಿಯನ್ನು ಮಾರಾದಲ್ಲಿ ನೋಡಿದಾಗ ರಾಣೆಬೆನ್ನೂರಿನ ಬಯಲು ನೆನಪಾಗಿ ಗಂಟಲು ತುಂಬಿ ಬಂತು. ಚಿರತೆ ಬೇರೆ, ಚೀತಾ ಬೇರೆ, ನೆನಪಿಡಿ. ಚೀತಾಕ್ಕೆ ಕಣ್ಣಿನಿಂದ ಬಾಯಿವರೆಗೆ ಕಾಡಿಗೆ ಇಳಿದ ಹಾಗೆ ಕಪ್ಪು ಗೆರೆ ಇರುತ್ತದೆ.

ಚೀಲ ಕಟ್ಟುವುದು

ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ತಾಸು. ವಿಲ್ಸನ್ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನದಲ್ಲಿ ಹೋದರೆ ಒಂದು ತಾಸಿನ ಒಳಗೆ, ಮಣ್ಣಿನ ಪಟ್ಟಿ ಮೇಲೆ ಇಳಿಯುತ್ತದೆ. ಅದಕ್ಕೆ ಒಬ್ಬರಿಗೆ 15 ಕಿಲೋ ಮಾತ್ರ, ಕೈಚೀಲ ಸೇರಿ. ಗಟ್ಟಿ ಸೂಟ್‌ಕೇಸ್ ನಡೆಯುವುದಿಲ್ಲ, ಮೆತ್ತನೆ ಚೀಲವೇ ಬೇಕು.

ಆಫ್ರಿಕಾ ಅಂದರೆ ಬಿಸಿಲು ಅಂತ ತಿಳಿದು ಹೋಗಬೇಡಿ. ಮಾರಾ ಇರುವುದು ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿ. ಬೆಳಗ್ಗೆ ಆರಕ್ಕೆ ತೆರೆದ ಗಾಡಿಯಲ್ಲಿ ಹೊರಟರೆ ಹಲ್ಲು ಕಟಕಟ ಅನ್ನುತ್ತದೆ. ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಕಡು ನೀಲಿ, ಕಪ್ಪು ಬಟ್ಟೆಗೆ ಅಲ್ಲಿನ ತ್ಸೆತ್ಸೆ ಅನ್ನುವ ಕಚ್ಚುವ ನೊಣ ಮುತ್ತುತ್ತದೆ. ಮಿಲಿಟರಿ ಚುಕ್ಕೆಯ ಬಟ್ಟೆ ಹಾಕುವುದು ಕೀನ್ಯಾದಲ್ಲಿ ಕಾನೂನಿಗೆ ವಿರುದ್ಧ. ದುರ್ಬೀನು ಇಬ್ಬರಿಗೂ ಒಂದೊಂದು, 8x42 (ಎಂಟು ಪಟ್ಟು ಹತ್ತಿರ ತೋರಿಸುವುದು) ಸಾಕು. ಇಬ್ಬರಿಗೆ ಒಂದೇ ಅಂದರೆ ಚಿರತೆ ಮರ ಇಳಿಯುವ ಹೊತ್ತಿಗೆ ಒಬ್ಬರು ಖಂಡಿತ ತಪ್ಪಿಸಿಕೊಳ್ಳುತ್ತೀರಿ.

ಊಟದ ಚಿಂತೆ ಬೇಡ. ಬುಕ್ ಮಾಡುವಾಗಲೇ ಮೊಟ್ಟೆ, ಮೀನು ಸಹಿತ ಬೇಡ ಅಂತ ಬಿಡಿಸಿ ಬರೆದು ತಿಳಿಸಿ. ಕೀನ್ಯಾದಲ್ಲಿ ಗುಜರಾತಿ ಜನ ಬಹಳ ಹಿಂದಿನಿಂದ ಇದ್ದಾರೆ, ಚಪಾತಿ, ಚಾಯ್ ಅಲ್ಲಿನ ಭಾಷೆಯಲ್ಲೂ ಅದೇ ಹೆಸರು. ಉಗಾಲಿ ಅಂತ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ, ನಮಗಂತೂ ಹಿಡಿಸಿತು. ಆದರೂ ನಾನು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ದಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬೇಡಿ, 2017ರಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ. ರೊಟ್ಟಿ ಅರಿವೆಯಲ್ಲಿ, ಚಟ್ನಿ ಸ್ಟೀಲ್ ಡಬ್ಬಿಯಲ್ಲಿ. ಅದನ್ನೂ ಟೆಂಟಿನಲ್ಲಿ ಇಡದೆ ಕ್ಯಾಂಪಿನ ಅಡುಗೆಮನೆಗೆ ಕೊಡಿ, ಇಲ್ಲದಿದ್ದರೆ ಬಬೂನುಗಳು ಟೆಂಟಿಗೇ ಬರುತ್ತವೆ.

ಗಾಡಿಯಲ್ಲಿ ಕೂತ ಮೇಲೆ

ಸಿಂಹ ಯಾಕೆ ಮೈಮೇಲೆ ಬರಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲಿನ ಪ್ರಾಣಿಗಳು ಮರಿಯಿದ್ದಾಗಿನಿಂದ ಗಾಡಿ ನೋಡುತ್ತಾ ಬೆಳೆದಿವೆ. ಅವುಗಳ ಕಣ್ಣಿಗೆ ಗಾಡಿ, ಅದರೊಳಗಿನ ಜನ ಎಲ್ಲಾ ಸೇರಿ ಒಂದೇ ದೊಡ್ಡ ವಸ್ತು. ತಿನ್ನುವಂಥದ್ದಲ್ಲ, ಹೆದರುವಂಥದ್ದೂ ಅಲ್ಲ. ನೀವು ಎದ್ದು ನಿಂತರೆ, ಕೈ ಹೊರಗೆ ಚಾಚಿದರೆ ಆ ಆಕಾರ ಮುರಿಯುತ್ತದೆ. ಆಗ ನೀವು ಮನುಷ್ಯರಾಗಿ ಕಾಣುತ್ತೀರಿ. ಹಾಗಾಗಿ ಕೂತಲ್ಲೇ ಕೂರಿ. ಫೋನ್ ಸೈಲೆಂಟ್. ಸೀಟಿ ಹೊಡೆಯುವುದು, ಕರೆಯುವುದು ಬೇಡವೇ ಬೇಡ.

ಆನೆ ವಿಷಯ ಬೇರೆ. ಅದು ಕಿವಿ ಅಗಲಿಸಿ, ತಲೆ ಒದರಿ, ನಿಮ್ಮತ್ತ ನೇರ ತಿರುಗಿ ನಿಂತರೆ ದೂರ ಹೋಗಿ ಅನ್ನುತ್ತಿದೆ ಅಂತ ಅರ್ಥ. ಗೈಡ್ ಗಾಡಿ ಹಿಂದೆ ತೆಗೆದರೆ ಬೇಸರ ಮಾಡಬೇಡಿ. ಸಮಾಧಾನದಲ್ಲಿದ್ದರೆ ಅವೇ ಹತ್ತಿರ ಬಂದು ಮೇಯುತ್ತವೆ. ಇಂಜಿನ್ ಆಫ್ ಮಾಡಿಸಿ, ಕಿವಿಗೊಡಿ. ನಮ್ಮ ಪಕ್ಕ ಹನ್ನೆರಡು ಆನೆ ಹಾದು ಹೋದವು. ಹುಲ್ಲು ಪರಪರ ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸುವ ಸದ್ದು, ಎದೆಯೊಳಗೇ ಗುಡುಗಿದ ಹಾಗೆ ಅವು ಒಂದಕ್ಕೊಂದು ಮಾತಾಡುವ ಸದ್ದು, ಅಷ್ಟೇ.

ಮೊದಲ ದಿನವೇ ಗೈಡಿಗೆ ಹೇಳಿಬಿಡಿ: ನಮಗೆ ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ ಅಂತ ಐದೂ ದೊಡ್ಡ ಪ್ರಾಣಿ ನೋಡಿ ಪಟ್ಟಿ ಮುಗಿಸಬೇಕಿಲ್ಲ, ಒಂದೇ ಪ್ರಾಣಿ ಹತ್ತಿರ ಎರಡು ತಾಸು ನಿಂತರೂ ಸರಿ. ಆ ಬಿಗ್ ಫೈವ್ ಅನ್ನುವ ಪಟ್ಟಿಯೇ ಹಳೇ ಕಾಲದ ಬೇಟೆಗಾರರದು. ನಮಗ್ಯಾಕೆ ಅದು?

ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳ್ತೀನಿ. ಹತ್ತಿರ ಹೋಗಲಿ ಅಂತ ಗೈಡಿಗೆ ಜಾಸ್ತಿ ದುಡ್ಡಿನ ಆಸೆ ತೋರಿಸಬೇಡಿ. ಮೀಸಲು ಅರಣ್ಯದಲ್ಲಿ ಒಂದು ಪ್ರಾಣಿ ಸುತ್ತ ಐದು ಗಾಡಿಗಿಂತ ಜಾಸ್ತಿ ಇರಬಾರದು ಅನ್ನುವ ನಿಯಮ ಇದೆ, ಜನ ಜಾಸ್ತಿ ಇದ್ದಾಗ ಮುರಿಯುತ್ತಾರೆ. ಚೀತಾ ಹಗಲಲ್ಲೇ ಬೇಟೆಯಾಡುವ ಪ್ರಾಣಿ, ಗಾಡಿ ಅಡ್ಡ ಬಂದರೆ ಮರಿಗಳು ಉಪವಾಸ. ಮಾರಾದಲ್ಲೇ ಮಾಡಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಚೀತಾ ಒಂದು ಸೂಲಿಗೆ ಸರಾಸರಿ 2.3 ಮರಿ ದೊಡ್ಡದು ಮಾಡಿದರೆ, ಜಾಸ್ತಿ ಇರುವ ಕಡೆ 0.2 ಮಾತ್ರ. ಇದನ್ನು ಓದಿದ ಮೇಲೆ ನಾವು ಚೀತಾ ಸುತ್ತ ಮೂರು ಗಾಡಿ ಕಂಡರೆ ಸಾಕು, ಗೈಡಿಗೆ ಮುಂದೆ ನಡೀರಿ ಅನ್ನುತ್ತಿದ್ದೆವು.

ರಾತ್ರಿ ಟೆಂಟಿನಲ್ಲಿ

ಟೆಂಟು ಅಂದರೆ ಮಂಚ, ಬಿಸಿನೀರು, ಬಚ್ಚಲು ಎಲ್ಲಾ ಇರುವ ಕೋಣೆಯೇ, ಗೋಡೆ ಮಾತ್ರ ಬಟ್ಟೆಯದು. ಮಲಗುವ ಹೊತ್ತಿಗೆ ಹಾಸಿಗೆಯೊಳಗೆ ಬಿಸಿನೀರು ತುಂಬಿದ ರಬ್ಬರ್ ಚೀಲ ಇಟ್ಟಿರುತ್ತಾರೆ, ಕಾಲಿಗೆ ಹಿತ ಅನ್ನಿಸುತ್ತದೆ. ಎಷ್ಟೋ ಕ್ಯಾಂಪಿಗೆ ಬೇಲಿ ಇಲ್ಲ. ಕತ್ತಲಾದ ಮೇಲೆ ಕಾವಲಿನ ಅಸ್ಕಾರಿ ಬ್ಯಾಟರಿ ಹಿಡಿದು ಬಂದು ಕರೆದುಕೊಂಡು ಹೋಗದೆ ಒಂದು ಹೆಜ್ಜೆ ಹೊರಗಿಡಬೇಡಿ. ನೀರಾನೆ ರಾತ್ರಿ ಮೇಯಲು ದಡ ಹತ್ತುತ್ತದೆ, ಅದರ ದಾರಿಗೆ ಅಡ್ಡ ಬಂದರೆ ಸಿಂಹಕ್ಕಿಂತ ಅಪಾಯ. ಜಿಪ್ ಪೂರ್ತಿ ಎಳೆದುಕೊಳ್ಳಿ. ಸಿಂಹದ ಗರ್ಜನೆ ಎಂಟು ಕಿಲೋಮೀಟರ್ ದೂರದಿಂದಲೂ ಕೇಳುತ್ತದೆ, ಟೆಂಟಿನ ಹಿಂದೆಯೇ ಇದೆ ಅನ್ನಿಸಿದರೂ ಎದ್ದು ನೋಡಲು ಹೋಗಬೇಡಿ. ನಾವಿಬ್ಬರೂ ಕೈ ಹಿಡಿದುಕೊಂಡು ಕತ್ತಲಲ್ಲಿ ಕೇಳುತ್ತಾ ಮಲಗಿದ್ದೆವು.

ಹೊರಡುವ ದಿನ ಟಿಪ್ಸು ಡಾಲರಿನಲ್ಲಿ ಕೊಡಬಹುದು, ನೋಟು ಹೊಸದಿರಲಿ, ಹಳೇ ನೋಟು ಅಲ್ಲಿ ತಗೊಳ್ಳುವುದಿಲ್ಲ. ಗೈಡಿಗೆ ಕೈಯಲ್ಲೇ ಕೊಡಿ, ಉಳಿದವರಿಗೆ ಕ್ಯಾಂಪಿನ ಡಬ್ಬಿಯಲ್ಲಿ ಹಾಕಿ. "ಅಸಾಂಟೆ" ಅಂದರೆ ಧನ್ಯವಾದ. ನಮ್ಮ ಗೈಡಿಗೆ ಉಳಿದ ಚಟ್ನಿಪುಡಿ ಡಬ್ಬಿ ಕೊಟ್ಟು ಬಂದೆ, ಉಗಾಲಿ ಜೊತೆ ನೆಂಚಿಕೊಳ್ಳಿ ಅಂತ. ಲಸಿಕೆಯ ಹಳದಿ ಪುಸ್ತಕವನ್ನು ಚೀಲದೊಳಗೆ ಹಾಕಬೇಡಿ, ಮುಂಬೈಯಲ್ಲಿ ಇಳಿದ ಕೂಡಲೇ ಕೇಳುತ್ತಾರೆ. ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಆ ಲಸಿಕೆ ಪುಸ್ತಕ ಜೀವನಪೂರ್ತಿ ನಡೆಯುತ್ತದೆ, ಇನ್ನೊಮ್ಮೆ ಹೋಗುವಾಗ ಬೇಕಾಗುತ್ತದೆ.