ಹಳೆಯ ಕಾರಿನ ಮರದ ಭಾಗಗಳನ್ನು ಕೈಯಿಂದ ಸರಿಪಡಿಸುವ ಬಗೆ

ಹಳೆಯ ಕಾರುಗಳಲ್ಲಿ ಮರ ಎರಡು ಬಗೆಯ ಕೆಲಸ ಮಾಡುತ್ತದೆ. ಡ್ಯಾಶ್‌ಬೋರ್ಡ್ ಮತ್ತು ಬಾಗಿಲಿನ ಒಳಮೇಲಂಚಿನ ಪಟ್ಟಿಗಳಲ್ಲಿರುವುದು ನೋಟಕ್ಕಾಗಿ ಇಟ್ಟ ಮರ. ಆದರೆ 1953ರಿಂದ 1971ರವರೆಗೆ ತಯಾರಾದ ಬ್ರಿಟನ್ನಿನ ಮಾರಿಸ್ ಮೈನರ್ ಟ್ರಾವೆಲರ್ ಕಾರಿನ ಹಿಂಭಾಗದಲ್ಲಿ ಕಾಣುವ ಆಶ್ ಎಂಬ ಗಟ್ಟಿ ಮರದ ಚೌಕಟ್ಟು ಅಲಂಕಾರವಲ್ಲ; ಕಾರಿನ ಹಿಂಬದಿಯ ಮೈ ನಿಂತಿರುವುದೇ ಅದರ ಮೇಲೆ. ಮಾರ್ಗನ್ ಕಾರುಗಳಲ್ಲಿ ಲೋಹದ ತಗಡಿನ ಅಡಿಯಲ್ಲಿ ಇದೇ ಮರದ ಹಂದರವಿದೆ. ಕೈಗೆ ಬಂದಿರುವ ತುಂಡು ಭಾರ ಹೊರುವುದೋ ಅಲ್ಲವೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು, ಏಕೆಂದರೆ ಅಲಂಕಾರದ ಪಟ್ಟಿಯಲ್ಲಿ ಆಗುವ ತಪ್ಪು ಕಣ್ಣಿಗೆ ಮಾತ್ರ ಚುಚ್ಚುತ್ತದೆ, ಚೌಕಟ್ಟಿನಲ್ಲಿ ಆಗುವ ತಪ್ಪು ಪ್ರಯಾಣಿಕರ ಪ್ರಾಣಕ್ಕೆ ಸಂಬಂಧಿಸಿದ್ದು. ಫೋರ್ಡ್ ಮಾಡೆಲ್ ಟಿ ಕಾಲದ ಮರದ ಅರೆಕಾಲಿನ (ಸ್ಪೋಕ್‌ಗಳ) ಚಕ್ರಗಳನ್ನಂತೂ ಮನೆಯಲ್ಲಿ ಅಂಟು ತುಂಬಿ ಸರಿಪಡಿಸಲು ಹೋಗಬಾರದು. ಸಡಿಲಗೊಂಡ ಅಥವಾ ಬಿರುಕು ಬಿಟ್ಟ ಅರೆಕಾಲುಗಳಿರುವ ಚಕ್ರವನ್ನು ಆ ಕೆಲಸವನ್ನೇ ಕಸುಬಾಗಿಸಿಕೊಂಡವರಿಗೆ ಒಪ್ಪಿಸುವುದೇ ಸರಿ.

ಬಿಚ್ಚುವ ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಿರಿ ಮತ್ತು ಪ್ರತಿ ಜೋಡಣೆಯನ್ನೂ ಹಲವು ಕೋನಗಳಿಂದ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ. ತುಕ್ಕು ಹಿಡಿದ ಸ್ಕ್ರೂ ತಿರುಗದಿದ್ದರೆ ಬಲ ಪ್ರಯೋಗಿಸುವ ಬದಲು ಬೆಸುಗೆ ಕಡ್ಡಿಯ (ಸೋಲ್ಡರಿಂಗ್ ಐರನ್) ಬಿಸಿ ತುದಿಯನ್ನು ಅದರ ತಲೆಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬಿಸಿಗೆ ಹಿಗ್ಗಿ ತಣಿಯುವಾಗ ಕುಗ್ಗುವ ಸ್ಕ್ರೂ ಮರದ ಹಿಡಿತದಿಂದ ಬಿಡಿಸಿಕೊಳ್ಳುತ್ತದೆ. ಎಷ್ಟೇ ಕೊಳೆತಿದ್ದರೂ ಹಳೆಯ ತುಂಡನ್ನು ಎಸೆಯಬೇಡಿ. ತೂತುಗಳ ಸ್ಥಾನ, ಬಾಗಿನ ಪ್ರಮಾಣ, ಕಚ್ಚುಗಳ ಆಳ ಎಲ್ಲವೂ ಅದರಲ್ಲೇ ಇರುತ್ತವೆ. ಹೊಸ ತುಂಡು ತನ್ನ ಜಾಗದಲ್ಲಿ ಕೂತು ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವವರೆಗೂ ಅದಕ್ಕಿಂತ ನಂಬಿಕೆಯ ನಕ್ಷೆ ನಿಮಗೆ ಸಿಗುವುದಿಲ್ಲ.

ಮರದ ಆರೋಗ್ಯವನ್ನು ಪರೀಕ್ಷಿಸಲು ದಬ್ಬಳವೊಂದೇ ಸಾಕು. ಗಟ್ಟಿ ಮರ ಮೊನೆಯನ್ನು ತಡೆಯುತ್ತದೆ, ಕೊಳೆತ ಮರ ಒಳಗೆ ಬಿಟ್ಟುಕೊಳ್ಳುತ್ತದೆ. ಬಾಗಿಲುಗಳ ಕೆಳಪಟ್ಟಿ, ಜಾರುವ ಗಾಜಿನ ಕಾಲುವೆಯ ಅಡಿ ಮತ್ತು ಮೂಲೆಯ ಜೋಡಣೆಗಳಲ್ಲಿ ನೀರು ನಿಲ್ಲುವುದರಿಂದ ಅಲ್ಲಿಂದಲೇ ಪರೀಕ್ಷೆ ಆರಂಭಿಸಿರಿ. ಮರದ ತೇವಾಂಶ ಸುಮಾರು 20 ಪ್ರತಿಶತಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಆದ್ದರಿಂದ ನೀರು ಬಂದ ದಾರಿಯನ್ನು ಕಂಡುಹಿಡಿಯದೆ ಮರವನ್ನಷ್ಟೇ ಬದಲಿಸಿದರೆ ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತದೆ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳುವಿನ ಗುರುತು. ಅಂಥ ಮರಕ್ಕೆ ಬಣ್ಣ ಅಥವಾ ವಾರ್ನಿಶ್ ಇಲ್ಲದ ಸ್ಥಿತಿಯಲ್ಲಿ ಹುಳು ಕೊಲ್ಲುವ ಬೋರೇಟ್ ದ್ರಾವಣವನ್ನು ಕುಡಿಸಿ, ಪೂರ್ತಿ ಒಣಗಿದ ಮೇಲೆ ಮುಂದಿನ ಕೆಲಸಕ್ಕೆ ಕೈಹಾಕಬೇಕು.

ಕೊಳೆತ ಭಾಗ ತುದಿಯಲ್ಲಷ್ಟೇ ಇದ್ದರೆ ಇಡೀ ತುಂಡನ್ನು ಬದಲಿಸುವುದು ಅನಗತ್ಯ. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಅದೇ ಜಾತಿಯ, ಚೆನ್ನಾಗಿ ಒಣಗಿದ ಹೊಸ ಮರವನ್ನು ಓರೆ ಜೋಡಣೆಯಿಂದ ಕೂಡಿಸಬೇಕು. ಮರದ ದಪ್ಪದ ಎಂಟು ಪಟ್ಟಾದರೂ ಓರೆಯ ಉದ್ದವಿರಬೇಕು, ಅಂದರೆ 25 ಮಿಲಿಮೀಟರ್ ದಪ್ಪದ ಪಟ್ಟಿಗೆ 200 ಮಿಲಿಮೀಟರ್ ಓರೆ. ಅಡ್ಡ ಕತ್ತರಿಸಿದ ಮೈಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಎಳೆಗಳ ಉದ್ದಕ್ಕೂ ಅಂಟಿಗೆ ಜಾಗ ಒದಗಿಸುವುದೇ ಈ ಓರೆಯ ಉದ್ದೇಶ. ಎರಡೂ ತುಂಡುಗಳನ್ನು ಒಂದರ ಮೇಲೊಂದಿಟ್ಟು ಕಟ್ಟಿ, ಹರಿತವಾದ ಹತ್ತರಿಯಿಂದ ಒಟ್ಟಿಗೇ ಕೀಸಿದರೆ ಎರಡರ ಓರೆಯೂ ಒಂದಕ್ಕೊಂದು ಹೊಂದುತ್ತದೆ. ಹೊರಭಾಗದ ಕೆಲಸಕ್ಕೆ ಎಪಾಕ್ಸಿಯಂಥ ನೀರಿಗೆ ಜಗ್ಗದ ಅಂಟನ್ನೇ ಬಳಸಿ. ಎಪಾಕ್ಸಿ ಹಚ್ಚಿದ ಜೋಡಣೆಯನ್ನು ಕ್ಲ್ಯಾಂಪ್‌ನಿಂದ ವಿಪರೀತ ಬಿಗಿಯಬಾರದು. ಬಿಗಿದರೆ ಅಂಟೆಲ್ಲ ಹೊರಗೆ ಹರಿದು ಜೋಡಣೆ ಬರಿದಾಗುತ್ತದೆ. ಕೊಳೆತ ಮರಕ್ಕೆ ತೆಳುವಾದ ಎಪಾಕ್ಸಿ ಹೀರಿಸಿ ಗಟ್ಟಿ ಮಾಡುವ ವಿಧಾನವೂ ಚಾಲ್ತಿಯಲ್ಲಿದೆ. ಅಲಂಕಾರದ ತುಂಡುಗಳಿಗೆ ನಾನು ಅದನ್ನು ಒಪ್ಪುತ್ತೇನೆ, ಭಾರ ಹೊರುವ ತುಂಡುಗಳಿಗೆ ಖಂಡಿತ ಒಪ್ಪುವುದಿಲ್ಲ.

ಬಾಗಿದ ತುಂಡುಗಳನ್ನು ಹಬೆಯಲ್ಲಿ ಬಾಗಿಸಬಹುದು. 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ಗಂಟೆಯ ಹಬೆ ಬೇಕು. ಒಲೆಯ ಶಾಖದಲ್ಲಿ ಒಣಗಿಸಿದ ಮರಕ್ಕಿಂತ ಗಾಳಿಯಲ್ಲಿ ಒಣಗಿದ್ದು ಚೆನ್ನಾಗಿ ಬಾಗುತ್ತದೆ. ಅಚ್ಚಿನಿಂದ ಬಿಡಿಸಿದಾಗ ಮರ ಸ್ವಲ್ಪ ಹಿಂದಕ್ಕೆ ನೆಟ್ಟಗಾಗುವುದರಿಂದ ಅಚ್ಚಿನ ಬಾಗು ಬೇಕಾದುದಕ್ಕಿಂತ ತುಸು ಹೆಚ್ಚಿರಲಿ.

ಡ್ಯಾಶ್‌ಬೋರ್ಡಿನ ಕೆಲಸ ಬೇರೆಯೇ ತಾಳ್ಮೆಯನ್ನು ಕೇಳುತ್ತದೆ. ಅಲ್ಲಿ ಕಾಣುವ ಸುಂದರವಾದ ವಾಲ್ನಟ್ ಬಹುಮಟ್ಟಿಗೆ ಇಡಿಯ ಮರವಲ್ಲ, ಬೇರೆ ಹಲಗೆಗೆ ಅಂಟಿಸಿದ ಮರದ ತೆಳು ಹಾಳೆ, ಅಂದರೆ ವೆನೀರ್. ಇಂದಿನ ವೆನೀರ್ ಸುಮಾರು 0.6 ಮಿಲಿಮೀಟರ್ ದಪ್ಪವಿರುತ್ತದೆ; ಯಂತ್ರದಿಂದ ಉಜ್ಜಿದರೆ ಕೆಲವೇ ಕ್ಷಣಗಳಲ್ಲಿ ಸವೆದು ಕೆಳಗಿನ ಹಲಗೆ ಇಣುಕುತ್ತದೆ. ಆದ್ದರಿಂದಲೇ ಇಲ್ಲಿ ಕೈಗೆಲಸವನ್ನು ನಾನು ಒತ್ತಿ ಹೇಳುತ್ತೇನೆ. ಹಳೆಯ ಲೇಪ ಯಾವುದೆಂದು ತಿಳಿಯಲು ಕಾಣದ ಮೂಲೆಯಲ್ಲಿ ಒಂದು ತೊಟ್ಟು ಸ್ಪಿರಿಟ್ (ಆಲ್ಕೋಹಾಲ್) ಹಚ್ಚಿ ನೋಡಿ. ಕರಗಿ ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಕರಗಿದರೆ ಅದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಗುಳ್ಳೆಯಂತೆ ಎದ್ದ ವೆನೀರನ್ನು ಎಳೆಯ ಗುಂಟ ಹರಿತವಾದ ಅಲಗಿನಿಂದ ಸೀಳಿ, ಒಳಗೆ ಸೂಜಿಯಿಂದ ಅಂಟು ತುಂಬಿ, ಮೇಣದ ಕಾಗದ ಹಾಸಿ, ಸಮತಟ್ಟಾದ ಮರದ ತುಂಡಿನಿಂದ ರಾತ್ರಿಯಿಡೀ ಒತ್ತಿಡಿ. ಹಳೆಯದು ಪ್ರಾಣಿಗಳ ಚರ್ಮದಿಂದ ಕಾಯಿಸಿದ ಅಂಟಾಗಿದ್ದರೆ, ಒದ್ದೆ ಬಟ್ಟೆಯ ಮೇಲೆ ಹದವಾದ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಒತ್ತಿದಾಗ ಅದೇ ಅಂಟು ಮತ್ತೆ ಮೆದುವಾಗಿ ಹಿಡಿದುಕೊಳ್ಳುವುದೂ ಉಂಟು. ಚೂರು ಹಾರಿಹೋದ ಕಡೆ ತೇಪೆ ಹಾಕುವಾಗ ಚೌಕಾಕಾರ ಬೇಡ. ಎಳೆಗೆ ಅಡ್ಡವಾದ ನೇರ ಗೆರೆಯನ್ನು ಕಣ್ಣು ತಕ್ಷಣ ಹಿಡಿಯುತ್ತದೆ, ಮರದ ವಿನ್ಯಾಸವನ್ನೇ ಅನುಸರಿಸಿ ವಕ್ರವಾಗಿ ಕತ್ತರಿಸಿದ ತೇಪೆ ಅದರಲ್ಲೇ ಕರಗಿಹೋಗುತ್ತದೆ.

ವಾಲ್ನಟ್ ಬೆಳಕಿಗೆ ಬಿಳಿಚಿಕೊಳ್ಳುವ ಮರ. ಮೀಟರುಗಳನ್ನು ಬಿಚ್ಚಿದಾಗ ಅವುಗಳ ಉಂಗುರದ ಅಡಿಯಲ್ಲಿ ಮೂಲದ ಗಾಢ ಕಂದು ಉಳಿದಿರುವುದನ್ನು ಕಾಣಬಹುದು. ಯಾವ ಬಣ್ಣಕ್ಕೆ ಹೊಂದಿಸಬೇಕೆಂಬುದು ಮಾಲೀಕರ ಇಷ್ಟ. ಒಂದೆರಡು ಕಡೆ ಮಾತ್ರ ತೇಪೆ ಹಾಕಿದ್ದರೆ ಕಾಲ ಕೊಟ್ಟ ಮಾಸಲು ಬಣ್ಣವನ್ನೇ ಉಳಿಸಿಕೊಳ್ಳುವುದು ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ಆಶ್ ಚೌಕಟ್ಟಿನಲ್ಲಿ ಕಬ್ಬಿಣದ ಸ್ಕ್ರೂಗಳ ಸುತ್ತ ಕಾಣುವ ಕಪ್ಪು ಕಲೆಗಳಿಗೆ ಉಜ್ಜುವುದು ಮದ್ದಲ್ಲ, ಆಕ್ಸಾಲಿಕ್ ಆಮ್ಲದ ದ್ರಾವಣವೇ ಮದ್ದು. ಅದು ವಿಷಕಾರಿಯಾದ್ದರಿಂದ ಕೈಗವಸು ಧರಿಸಿ, ಕಲೆ ಹೋದ ಮೇಲೆ ಧಾರಾಳವಾಗಿ ನೀರಿನಿಂದ ತೊಳೆದು ಒಣಗಿಸಿ. ನಂತರ ಉಜ್ಜುವಾಗ ಮುಖಗವಸು ಕಡ್ಡಾಯ. ಉಪ್ಪುಕಾಗದವನ್ನು (ಅದರ ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) 120ರಿಂದ ಆರಂಭಿಸಿ 180, 240 ಎಂದು ಹಂತಹಂತವಾಗಿ, ಯಾವಾಗಲೂ ಎಳೆಯ ಗುಂಟವೇ ಬಳಸಿ. ವೆನೀರ್‌ಗಾದರೆ 240ಕ್ಕಿಂತ ಒರಟಾದುದು ಬೇಡ. ಹೊರಗಿನ ಮರಕ್ಕೆ ಬಿಸಿಲನ್ನು ತಡೆಯುವ ವಾರ್ನಿಶ್ ಅಗತ್ಯ. ಎಪಾಕ್ಸಿಯನ್ನೇ ಮೇಲ್ಲೇಪವಾಗಿ ಬಿಟ್ಟರೆ ಬಿಸಿಲಿಗೆ ಹಳದಿಯಾಗಿ ಸೀಳುತ್ತದೆ. ಮೊದಲ ಲೇಪವನ್ನು ತೆಳುಗೊಳಿಸಿ ಹೀರಿಸಿ, ಆಮೇಲೆ ಆರೇಳು ತೆಳು ಲೇಪಗಳನ್ನು ನಡುನಡುವೆ ನಯವಾಗಿ ಉಜ್ಜುತ್ತ ಹಚ್ಚಿ. ಅಡ್ಡ ಕತ್ತರಿಸಿದ ತುದಿಗಳು ನೀರನ್ನು ಎಲ್ಲಕ್ಕಿಂತ ಹೆಚ್ಚು ಹೀರುವುದರಿಂದ ಅವುಗಳಿಗೆ ಒಂದೆರಡು ಲೇಪ ಹೆಚ್ಚೇ ಇರಲಿ. ಲೇಪಕ್ಕೆ ಅಗಸೆ ಎಣ್ಣೆ ಬಳಸಿದ್ದರೆ, ಅದರಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿಡಿ.

ಮತ್ತೆ ಜೋಡಿಸುವಾಗ ಹಿಗ್ಗಿದ ಹಳೆಯ ತೂತುಗಳಿಗೆ ಮರದ ಬೆಣೆ ಅಂಟಿಸಿ ಹೊಸದಾಗಿ ತೂತು ಕೊರೆಯಿರಿ. ಹಿತ್ತಾಳೆ ಸ್ಕ್ರೂ ಮೆದು. ಗಟ್ಟಿ ಮರದಲ್ಲಿ ನೇರವಾಗಿ ತಿರುಗಿಸಿದರೆ ತುಂಡಾಗುತ್ತದೆ. ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಮೊದಲು ತಿರುಗಿಸಿ ದಾರಿ ಮಾಡಿ, ಅದನ್ನು ತೆಗೆದು, ಹಿತ್ತಾಳೆಯದಕ್ಕೆ ಮೇಣ ಸವರಿ ಕೂರಿಸಿ. ಕೊನೆಗೆ ನೀರು ಹೊರಹೋಗುವ ತೂತುಗಳನ್ನೆಲ್ಲ ತಂತಿಯಿಂದ ಬಿಡಿಸಿ, ಮೇಲಿನಿಂದ ಒಂದು ತಂಬಿಗೆ ನೀರು ಸುರಿದು, ಅದು ಎಲ್ಲಿಯೂ ನಿಲ್ಲದೆ ಕೆಳಗೆ ಬೀಳುವುದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಒಳಗಿನ ಹೊದಿಕೆಗಳನ್ನು ಮುಚ್ಚಿ.